ಪಾಸ್‌ವರ್ಡ್ ಕೇಳಿದರೆ ಕಂಪ್ಯೂಟರ್ ಕೆಟ್ಟಂತೆ!

ಗೆಳೆಯರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ನೀವೇ ನ್ಯಾಯ ಹೇಳಿ. ನಾನು ಹಳೇ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಬೆಳಿಗ್ಗೆ ಆಫೀಸಿನ ಕ್ಲರ್ಕ್ ಶಾಂತಕ್ಕ ಕರೆದರು.

"ಟೀಚರ್, ಆಫೀಸಿನ ನಾಲ್ಕು ಕಂಪ್ಯೂಟರ್‌ನಾಗ ಇದೊಂದು ಕೆಟ್ಟೈತ್ರಿ. ಮಾರ್ಕ್ಸ್ ವೆಬ್‌ಸೈಟ್ ತೆಗದಾಗೊಮ್ಮೆ ಪಾಸ್‌ವರ್ಡ್ ಕೇಳ್ತೈತಿ. ಉಳಿದವು ಛಲೋ ಅದಾವ್ರಿ."

ಕೆಟ್ಟಿದೆಯೆಂದು ಅದಕ್ಕೆ ಟವೆಲ್ ಬೇರೆ ಹೊದಿಸಿದ್ದರು! ನಾಲ್ಕರ ಬ್ರೌಸರ್ ಸೆಟ್ಟಿಂಗ್‌ಗಳನ್ನು ಹೋಲಿಸಿ ನೋಡಿದೆ. ಸರಿಯಾಗಿದ್ದದ್ದು ಅದೊಂದೇ. ಉಳಿದ ಮೂರರಲ್ಲೂ ಪಾಸ್‌ವರ್ಡ್ ಸೇವ್ ಆಗಿದೆ, ಎಚ್ಚರಿಕೆಗಳೆಲ್ಲ ಬಂದ್. ಯಾರು ಬಂದು ಕುಳಿತರೂ ಮಕ್ಕಳ ಅಂಕ ತಿದ್ದಬಹುದು.

"ಶಾಂತಕ್ಕಾ, ಯಾರರೆ ಮಾರ್ಕ್ಸ್ ತಿದ್ದಿದ್ರ ಏನ್ ಮಾಡೋದ್ರಿ?"

"ಇಲ್ಲೆ ಹೊರಗಿನವ್ರು ಯಾರ್ ಬರ್ತಾರ್ರಿ? ಎಲ್ಲಾರೂ ನಮ್ಮವರ ಅದಾರ."

ಅವರು ಹೀಗೆನ್ನುವಾಗ ಪಕ್ಕದ ಕಂಪ್ಯೂಟರಿನಲ್ಲಿ ಒಬ್ಬ ಪಾಲಕರು ಚಹಾ ಕುಡಿಯುತ್ತ ರೈಲು ಟಿಕೆಟ್ ಬುಕ್ ಮಾಡುತ್ತಿದ್ದರು!

ಆ ಮೂರನ್ನೂ ಟವೆಲ್ ಹೊದಿಸಿದ ಒಂದರಂತೆಯೇ ಸರಿಮಾಡಿ ಕ್ಲಾಸಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ನಾಲ್ಕಕ್ಕೂ ಟವೆಲ್! ಹೆಡ್‌ಮಾಸ್ತರರು ನನ್ನನ್ನೇ ಕಾಯುತ್ತಿದ್ದರು.

"ಏನ್ರಿ ಟೀಚರ್, ಮುಂಜಾನೆ ಒಂದ ಕೆಟ್ಟಿತ್ತು. ನೀವು ಕೈ ಹಚ್ಚಿದ ಮ್ಯಾಲೆ ನಾಲ್ಕೂ ಕೆಟ್ಟಾವಲ್ಲ!"

ನಾಳೆ ರಿಪೇರಿಗೆ ಹೊರಗಿನವರು ಬರುತ್ತಾರಂತೆ.