ಹೋಲ್ಡಾನ್ ಹೇಳಿದ ಮೇಲೆ ಬಂದ ಟಿಕೆಟ್

ಆ ಶನಿವಾರ ನಾವು ಮನೆ ಬಿಟ್ಟಾಗ ಬೆಳಿಗ್ಗೆ ಎಂಟು ಗಂಟೆ. ನಾವು ಎಂದರೆ ನಾನು ಮತ್ತು ನಮ್ಮ ಯಜಮಾನರು ಹಾಲೇಶಪ್ಪ. ನಾವಿರುವ ವಾಲ್‌ನಟ್ ಊರಿನಿಂದ ಸ್ಯಾನ್ ಡಿಯಾಗೋಗೆ ಸುಮಾರು ನೂರಹತ್ತು ಮೈಲಿ. ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ, ಒಂದು ಫ್ಲಾಸ್ಕು ಕಾಫಿ ಇಟ್ಟುಕೊಂಡಿದ್ದೆವು. ಸಮುದ್ರ ನೋಡಿ ಬರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಫ್ರೀವೇಯಲ್ಲಿ ಅವರೇ ಗಾಡಿ ಓಡಿಸಿದರು. ಊರೊಳಗಿನ ರಸ್ತೆ ಸಿಕ್ಕ ಕೂಡಲೇ ನನಗೆ ಸ್ಟೇರಿಂಗ್ ಕೊಟ್ಟು ಪಕ್ಕದ ಸೀಟಿಗೆ ಬಂದು ಕೂತರು. ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿಯುತ್ತಿದ್ದೆ. ಕಲಿಯುವವರಿಗೆ ಕೊಡುವ ಪರ್ಮಿಟ್ ನನ್ನ ಹತ್ತಿರ ಇತ್ತು.

ನಮ್ಮವರು ಹರಿಹರದ ಕಡೆ ಹನ್ನೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರ ಅಕ್ಕ ಅರ್ಜಿ ಹಾಕಿ ನಮ್ಮನ್ನು ಇಲ್ಲಿಗೆ ಕರೆಸಿಕೊಂಡ ಮೇಲೆ ಪೊಮೊನಾದ ಒಂದು ಕಾಲೇಜು ಕ್ಯಾಂಟೀನಿನ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದರು. ಕೆಲಸ ಬದಲಾಯಿತು, ಕೈ ಬದಲಾಗಲಿಲ್ಲ. ಪಕ್ಕದ ಸೀಟಿನಲ್ಲಿ ಕೂತರೆ ಗಾಜು ಇಳಿಸಿ ಬಲಗೈಯನ್ನು ಹೊರಗೆ ಬಿಡುವರು. ಬಾಗಿಲಿಗೆ ಒಂದು ಸಲ ಬಡಿದು “ಹೋಲ್ಡಾನ್” ಅಂದರೆ ನಾನು ನಿಲ್ಲಿಸಬೇಕು. ಎರಡು ಸಲ ಬಡಿದು “ರೈಟ್, ರೈಟ್” ಅಂದರೆ ಹೊರಡಬೇಕು. ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯಲು ಹತ್ತಿದ ಮೊದಲ ವಾರ ಅವರು “ರೈಟ್” ಅಂದಾಗ ನಾನು ಬಲಕ್ಕೆ ತಿರುಗಿಸಿ ಯಾರದೋ ಮನೆಯ ಗರಾಜಿನ ಮುಂದೆ ಹೋಗಿ ನಿಂತಿದ್ದೆ.

“ಎಲ್ಲಿಗೆ ಹೊಂಟೆ ಶಾರದಾ? ರೈಟ್ ಅಂದ್ರೆ ಹೋಗು ಅಂತ ಕಣೇ.”

“ಈ ದೇಶದಲ್ಲಿ ರೈಟ್ ಅಂದ್ರೆ ಬಲಗಡೆ ರೀ.”

“ಹಂಗಾದ್ರೆ ಬಲಗಡೆಗೆ ಬಲಗಡೆ ಅಂತೀನಿ. ನನ್ನ ರೈಟ್ ನನಗೆ ಬಿಡು.”

ಆ ಶನಿವಾರ ಸಮುದ್ರ ನೋಡಿ, ದಂಡೆಯ ಮೇಲೆ ಚಿತ್ರಾನ್ನ ತಿಂದು, ಮಧ್ಯಾಹ್ನ ಮೂರಕ್ಕೆ ಹಿಂದಿರುಗಿದೆವು. ಸ್ಯಾನ್ ಡಿಯಾಗೋ ಕೌಂಟಿಯದೇ ಒಂದು ಚಿಕ್ಕ ಊರಿನಲ್ಲಿ ಫ್ರೀವೇ ಹತ್ತುವ ಮೊದಲು ಒಂದು ಸಿಗ್ನಲ್. ಕೆಂಪು ಇತ್ತು. ನಾವು ಬಲಕ್ಕೆ ಹೋಗಬೇಕಿತ್ತು. ಇಲ್ಲಿ ಕೆಂಪಿದ್ದರೂ ಪೂರ್ತಿ ನಿಂತು, ದಾರಿ ನೋಡಿಕೊಂಡು ಬಲಕ್ಕೆ ತಿರುಗಬಹುದು. ಅವರು ಒಂದು ಸಲ ಬಡಿದರು, ನಿಲ್ಲಿಸಿದೆ. ಆಮೇಲೆ ಎರಡು ಸಲ ಬಡಿದು “ರೈಟ್, ರೈಟ್” ಅಂದರು. “ನಿಮ್ಮ ರೈಟೋ, ನನ್ನ ರೈಟೋ?” ಎಂದು ಕೇಳಿದೆ. “ಇಲ್ಲಿ ಎರಡೂ ಒಂದೇ, ಹೋಗು,” ಎಂದು ನಕ್ಕರು. ಹಿಂದೆ ಎಲ್ಲೋ ಬೆಳಕು ಮಿಂಚಿದ ಹಾಗಾಯಿತು. ಬಿಸಿಲಿಗೆ ಯಾವುದೋ ಗಾಜು ಹೊಳೆದಿರಬೇಕು ಅಂದುಕೊಂಡೆ.

ನಾಲ್ಕು ದಿನ ಕಳೆದು ಬುಧವಾರ ಬೆಳಿಗ್ಗೆ ಉಗ್ರಾಣದಲ್ಲಿ ಅಕ್ಕಿ ಚೀಲ ಇಳಿಸಿ ಕೂತವರು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು ಎಂದು ಆಸ್ಪತ್ರೆಯವರು ಹೇಳಿದರು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಲಕೋಟೆ ಬಂತು. ಕಾರು ಅವರ ಹೆಸರಿನಲ್ಲಿತ್ತು, ಕಾಗದವೂ ಅವರ ಹೆಸರಿಗೇ ಬಂದಿತ್ತು. ಕೆಂಪು ಸಿಗ್ನಲ್ಲಿನಲ್ಲಿ ನಿಲ್ಲದೆ ಬಲಕ್ಕೆ ತಿರುಗಿದ್ದಕ್ಕೆ ಟಿಕೆಟ್. ದಂಡ ಐನೂರು ಡಾಲರಿಗೆ ಸ್ವಲ್ಪ ಕಡಿಮೆ. ಕ್ಯಾಮೆರಾ ತೆಗೆದ ಫೋಟೊದಲ್ಲಿ ಸ್ಟೇರಿಂಗ್ ಹಿಡಿದು ಕಣ್ಣರಳಿಸಿಕೊಂಡು ಕೂತವಳು ನಾನು. ಜೊತೆಯಲ್ಲಿದ್ದವರ ಮುಖ ತೋರಿಸಬಾರದಂತೆ, ಪಕ್ಕದ ಸೀಟನ್ನು ಕಪ್ಪು ಬಣ್ಣದಿಂದ ಮುಚ್ಚಿದ್ದರು.

ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ, “ನಿಮ್ಮ ಭಾವನ ಹೆಸರಿಗೆ ಒಂದು ಟಿಕೆಟ್ ಬಂದಿದೆ,” ಅಂದೆ. ಅವಳು, “ಊರಿಗೆ ಬರೋಕೆ ಮೊದ್ಲೇ ಬುಕ್ ಮಾಡಿದ್ರಾ ಅಕ್ಕ?” ಎಂದಳು. ಹನ್ನೊಂದು ವರ್ಷ ಟಿಕೆಟ್ ಹರಿದು ಕೊಟ್ಟ ಮನುಷ್ಯನಿಗೆ ಬಂದದ್ದು ಎಂಥ ಟಿಕೆಟ್ ಎಂದು ಅವಳಿಗೆ ತಿಳಿಸುವಷ್ಟರಲ್ಲಿ ನನಗೆ ಸಾಕಾಯಿತು.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸೌಮ್ಯ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಗದಗದವಳು, ಎಂ.ಎಸ್. ಓದುತ್ತಿದ್ದಾಳೆ. ಕಾಗದ ಓದಿ ಅವಳು ಸುಲಭದ ದಾರಿ ಹೇಳಿದಳು.

“ಆಂಟಿ, ಡೆತ್ ಸರ್ಟಿಫಿಕೇಟ್ ಒಂದು ಕಳಸಿಬಿಡ್ರಿ. ಕೇಸು ಅಲ್ಲಿಗೇ ಮುಗದು ಹೋಗ್ತದ.”

“ಮುಗಿದರೆ ಏನು ಅಂತ ಬರ್ಕೊಳ್ತಾರೆ?”

“ಮಾಲೀಕರು ತೀರ್ಕೊಂಡಾರ ಅಂತ.”

“ಗಾಡಿ ನಿಂತಿತ್ತು ಅಂತ ಬರೆಯಲ್ವಾ?”

“ಅದನ್ನ್ಯಾಕ ಬರೀತಾರ್ರಿ?”

ಹಾಗಾದರೆ ಬೇಡ ಅಂದೆ. ಹನ್ನೊಂದು ವರ್ಷದಲ್ಲಿ ಅವರು ಹೋಲ್ಡಾನ್ ಅಂದ ಮೇಲೆ ಮುಂದೆ ಹೋದ ಗಾಡಿ ಒಂದೂ ಇಲ್ಲ ಎಂದು ಅವರೇ ಹೇಳುತ್ತಿದ್ದರು. ಕೊನೆಯ ಗಾಡಿ ನಾನು ಓಡಿಸಿದ್ದು. ಅದೊಂದು ನಿಲ್ಲಲಿಲ್ಲ ಎಂದು ಯಾವುದೋ ಕಚೇರಿಯ ಕಾಗದದಲ್ಲಿ ಉಳಿಯಬಾರದು. ಡ್ರೈವರ್ ಯಾರೆಂದು ತಿಳಿಸುವ ಜಾಗದಲ್ಲಿ ನನ್ನ ಹೆಸರು ಬರೆದು ಕಳಿಸಿದೆ. ಟಿಕೆಟ್ ನನ್ನ ಹೆಸರಿಗೆ ಬಂತು. ತಪ್ಪು ಮಾಡಿಲ್ಲ ಎಂದು ಉತ್ತರ ಕೊಟ್ಟೆ, ವಿಚಾರಣೆಗೆ ದಿನ ಕೊಟ್ಟರು. ಕ್ಯಾಮೆರಾದ ವಿಡಿಯೊವನ್ನು ಕಂಪ್ಯೂಟರಿನಲ್ಲಿ ನೋಡಬಹುದಿತ್ತು. ಸೌಮ್ಯ ನೋಡಿ ಬಂದು, “ಅಂಕಲ್ ಕೈ ಕಾಣಸ್ತದ ಆಂಟಿ,” ಎಂದಷ್ಟೇ ಹೇಳಿದಳು. ನನಗೆ ನೋಡುವ ಧೈರ್ಯವಿರಲಿಲ್ಲ.

ವಿಚಾರಣೆ ಇದ್ದದ್ದು ಜುಲೈ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಒಂದೂವರೆಗೆ. ಬೆಳಿಗ್ಗೆ ಎಂಟಕ್ಕೆ ಹೊರಟೆವು. ಅವರು ಹೋದ ಮೇಲೆ ನಾನು ಸ್ಟೇರಿಂಗ್ ಮುಟ್ಟಿರಲಿಲ್ಲ, ಆದ್ದರಿಂದ ಸೌಮ್ಯಳೇ ಡ್ರೈವ್ ಮಾಡಿದಳು. ನಾನು ಪಕ್ಕದಲ್ಲಿ, ಅವರ ಸೀಟಿನಲ್ಲಿ ಕೂತೆ. ಆ ಸೀಟನ್ನು ಅವರು ಹಿಂದಕ್ಕೆ ಎಳೆದುಕೊಂಡಿದ್ದರು. ನನ್ನ ಕಾಲು ಮುಂದಿನ ಮ್ಯಾಟ್‌ವರೆಗೆ ಎಟುಕಲಿಲ್ಲ. ಸರಿಮಾಡಲೇ ಎಂದು ಸೌಮ್ಯ ಕೇಳಿದಳು. ಇರಲಿ ಅಂದೆ.

ಪೆಟ್ರೋಲಿಗೆ ನಲವತ್ತು ಡಾಲರ್ ಆಯಿತು. ಐದನೇ ನಂಬರಿನ ಫ್ರೀವೇ ಸಮುದ್ರದ ಪಕ್ಕಕ್ಕೆ ಬರುವ ತನಕ ಬಿಸಿಲು ಜೋರಾಗಿತ್ತು. ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬೂದು ಮೋಡ ಕವಿದು ತಣ್ಣಗಾಯಿತು. ಓಷನ್‌ಸೈಡ್‌ನಲ್ಲಿ ನಿಲ್ಲಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ರೊಟ್ಟಿ ಸೌಮ್ಯ ಬಡಿದದ್ದು. “ಕೋರ್ಟಿನ್ಯಾಗ ಏನ್ ಹೇಳ್ತೀರಿ, ಒಮ್ಮೆ ಹೇಳಿ ನೋಡ್ರಿ,” ಎಂದು ಅವಳು ಜಡ್ಜ್ ಆದಳು. ನನ್ನ ಇಂಗ್ಲಿಷ್ ಪಿಯುಸಿಯದು. ಎರಡು ಸಲ ತಡವರಿಸಿದೆ. “ಆಂಟಿ, ನಿಮ್ಮ ಇಂಗ್ಲಿಷ್ ಕೇಳಿ ಜಡ್ಜ್ ತಾನ ದಂಡ ಕಟ್ಟಿ ಹೋಗ್ತಾನ ಬಿಡ್ರಿ,” ಎಂದು ಅಣಕಿಸಿದಳು. ಎಷ್ಟೋ ವಾರಗಳ ಮೇಲೆ ನಾನು ಅಂದು ನಕ್ಕೆ.

ಕೋರ್ಟಿನ ಎದುರು ಕಾಫಿ ಮಾರುವ ಒಬ್ಬ ಹೆಂಗಸಿದ್ದಳು. ಕಪ್ಪಿಗೆ ಎರಡು ಡಾಲರ್. ನನ್ನ ಕೈಯಲ್ಲಿದ್ದ ಕಾಗದ ನೋಡಿ, ಯಾವ ಸಿಗ್ನಲ್ ಎಂದು ಅವಳೇ ಕೇಳಿದಳು. ಹೇಳಿದೆ. “ಓ, ಅದಾ! ನಮ್ಮೂರಿನ ಲೈಬ್ರರಿ ಭಾನುವಾರ ತೆರೆದಿರೋದೇ ನಿಮ್ಮಂಥವರ ದಂಡದಿಂದ,” ಎಂದು ಸಕ್ಕರೆಯ ಪೊಟ್ಟಣ ಎರಡು ಹೆಚ್ಚಿಗೆ ಕೊಟ್ಟಳು.

ಒಳಗೆ ಬೆಂಚಿನ ಮೇಲೆ ಇಪ್ಪತ್ತು ಮೂವತ್ತು ಜನ ಕಾಯುತ್ತಿದ್ದರು. ಅರ್ಧದಷ್ಟು ಜನರ ಕೈಯಲ್ಲಿ ನನ್ನದರ ಹಾಗೆಯೇ ಫೋಟೊ ಇರುವ ಕಾಗದವಿತ್ತು. ಪಕ್ಕದಲ್ಲಿ ಕೂತವರು ರಾಮೋನ್ ಎಂಬ ಹಿರಿಯರು, ತೋಟದ ಕೆಲಸದವರು. ಬೂಟಿನಲ್ಲಿ ಇನ್ನೂ ಹುಲ್ಲು ಅಂಟಿತ್ತು. ಅವರದೂ ಅದೇ ಸಿಗ್ನಲ್, ಅದೇ ಬಲ ತಿರುವು. ಊರಿನ ಕಥೆಯನ್ನು ಅವರು ನಿಧಾನವಾಗಿ ಹೇಳಿದರು. ಮೊದಲು ಆ ರಸ್ತೆಯಲ್ಲಿ ಕಾರು ಮಾರುವ ದೊಡ್ಡ ಅಂಗಡಿಗಳಿದ್ದವು, ಊರಿಗೆ ಮಾರಾಟ ತೆರಿಗೆ ಬರುತ್ತಿತ್ತು. ಎರಡು ಸಾವಿರದ ಎಂಟರ ನಂತರ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಮನೆಗಳ ಬೆಲೆ ಬಿತ್ತು, ಮನೆ ತೆರಿಗೆಯೂ ಇಳಿಯಿತು. ಆಮೇಲೆ ಬಂದದ್ದು ಕ್ಯಾಮೆರಾ.

“ಬಜೆಟ್ ಸಭೆಗೆ ಹೋಗಿದ್ದೆ,” ಎಂದರು. “ಬರುವ ವರ್ಷ ಇಷ್ಟು ದಂಡ ಬರುತ್ತದೆ ಅಂತ ಈಗಲೇ ಅಂಕಿ ಹಾಕಿದ್ದಾರೆ. ಅಂದರೆ ನಾನು ಬರುವ ವರ್ಷ ಮಾಡಬೇಕಾದ ತಪ್ಪನ್ನು ಈ ವರ್ಷವೇ ಬರೆದುಕೊಂಡಿದ್ದಾರೆ. ಎಲ್ಲರೂ ಸರಿಯಾಗಿ ನಿಂತುಬಿಟ್ಟರೆ ಪಾಪ, ಊರು ದಿವಾಳಿ.”

ಬಸ್ಸಿನಲ್ಲಿ ಟಿಕೆಟ್ ಕೊಂಡವರನ್ನು ಅವರ ಊರಿಗೆ ಮುಟ್ಟಿಸುತ್ತಾರೆ. ಇಲ್ಲಿನ ಟಿಕೆಟ್ಟಿನಿಂದ ಊರೇ ಮುಂದಕ್ಕೆ ಹೋಗುತ್ತದೆ, ಕೊಂಡವರು ಇದ್ದಲ್ಲೇ ಇರುತ್ತಾರೆ. ಇದನ್ನು ನಮ್ಮವರಿಗೆ ಹೇಳಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು.

ಹೆಸರು ಕರೆದರು. ಭಾಷಾಂತರಕ್ಕೆ ಹಿಂದಿಯವರಿದ್ದಾರೆ, ಬೇಕೇ ಎಂದು ಗುಮಾಸ್ತರು ಕೇಳಿದರು. ನನ್ನ ಹಿಂದಿಗಿಂತ ನನ್ನ ಇಂಗ್ಲಿಷೇ ವಾಸಿ ಅಂದೆ. ನ್ಯಾಯಾಧೀಶರ ಪೀಠದಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಕೂತಿದ್ದರು. ಪೊಲೀಸ್ ಅಧಿಕಾರಿ ವಿಡಿಯೊ ಹಾಕಿದ. ಹನ್ನೆರಡು ಸೆಕೆಂಡು. ನಮ್ಮ ಬೂದು ಬಣ್ಣದ ಕಾರನ್ನು ಹಿಂದಿನಿಂದ, ಬಲಗಡೆ ಸ್ವಲ್ಪ ಓರೆಯಾಗಿ ತೆಗೆದದ್ದು. ಬಲಗಡೆಯ ಕಿಟಕಿಯಿಂದ ನೀಲಿ ಚೌಕಳಿ ಅಂಗಿಯ ತೋಳು ಹೊರಗೆ ಬಂದಿತ್ತು. ನಾನೇ ಇಸ್ತ್ರಿ ಮಾಡಿದ್ದ ಅಂಗಿ.

“ನಿಧಾನ ಮಾಡಿದ್ದಾರೆ, ನಿಂತಿಲ್ಲ,” ಎಂದು ಅಧಿಕಾರಿ ಹೇಳಿದ. ಅವನ ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ದಿನಕ್ಕೆ ಇಂಥವು ಎಷ್ಟು ನೋಡುತ್ತಾನೋ.

ಓಷನ್‌ಸೈಡ್‌ನಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. “ಮ್ಯಾಡಮ್, ದಯವಿಟ್ಟು ಇನ್ನೊಂದು ಸಲ ಹಾಕಿಸಿ. ಆ ಕೈ ನೋಡಿ,” ಅಂದೆ. ನಮ್ಮ ದೇಶದ ಬಸ್ಸುಗಳಲ್ಲಿ ಕಂಡಕ್ಟರ್ ಒಂದು ಸಲ ಬಡಿದರೆ ಡ್ರೈವರ್ ನಿಲ್ಲಿಸಬೇಕು, ಎರಡು ಸಲ ಬಡಿಯುವ ತನಕ ಬಿಡಬಾರದು, ನನ್ನ ಗಂಡ ಕಂಡಕ್ಟರ್ ಆಗಿದ್ದರು, ನಾನು ಅವರ ಡ್ರೈವರ್ ಎಂದು ವಿವರಿಸಿದೆ. ಹೇಗೆ ಎಂದು ಅವರು ಕೇಳಿದರು. ಮುಂದಿದ್ದ ಮೇಜಿಗೆ ಒಂದು ಸಲ ಬಡಿದೆ. ನಿಂತೆ. ಎರಡು ಸಲ ಬಡಿದೆ. ಕಾವಲಿನವನು ಒಂದು ಹೆಜ್ಜೆ ಮುಂದೆ ಬಂದ. ನ್ಯಾಯಾಧೀಶರು ಇರಲಿ ಎಂದು ಕೈಯಾಡಿಸಿದರು.

ವಿಡಿಯೊ ಮತ್ತೆ ಓಡಿತು. ಕೈ ಬಾಗಿಲಿಗೆ ಒಂದು ಸಲ ಬಡಿಯಿತು. “ಅಲ್ಲಿ ತಡೆಯಿರಿ,” ಎಂದರು ನ್ಯಾಯಾಧೀಶರು. ಹಿಂದಿನ ಚಕ್ರದ ಮುಚ್ಚಳ ಒಂದು ಕಡೆ ಒಡೆದಿತ್ತು. ಆ ಒಡಕು ಗಡಿಯಾರದ ನಾಲ್ಕರ ಜಾಗದಲ್ಲಿತ್ತು. ವಿಡಿಯೊವನ್ನು ಸ್ವಲ್ಪ ಸ್ವಲ್ಪವೇ ಮುಂದೆ ಬಿಡಿಸಿದರು. ಒಡಕು ನಾಲ್ಕರಲ್ಲೇ ಇತ್ತು. ಮತ್ತೂ ಬಿಡಿಸಿದರು. ನಾಲ್ಕರಲ್ಲೇ. ಕೈ ಎರಡು ಸಲ ಬಡಿಯಿತು. ಆಮೇಲೆ ಒಡಕು ಐದಕ್ಕೆ ಇಳಿಯಿತು, ಕಾರು ಬಲಕ್ಕೆ ತಿರುಗಿತು.

“ಅವರು ಇಂದು ಬಂದಿದ್ದಾರೆಯೇ?” ಎಂದು ನ್ಯಾಯಾಧೀಶರು ಕೇಳಿದರು.

“ಇಲ್ಲ ಮ್ಯಾಡಮ್. ಆ ಶನಿವಾರದ ನಂತರ ಬುಧವಾರ ತೀರಿಕೊಂಡರು.”

ಅವರು ಕನ್ನಡಕ ತೆಗೆದಿಟ್ಟು ಅಧಿಕಾರಿಯ ಕಡೆ ನೋಡಿದರು. ಅವನು, “ನಿಂತಿದ್ದಾರೆ. ನಾನು ಚಕ್ರವನ್ನು ಅಷ್ಟು ಗಮನಿಸಿರಲಿಲ್ಲ,” ಎಂದ. ಕಾರು ಪೂರ್ತಿ ನಿಂತಿತ್ತು, ತಪ್ಪು ನಡೆದಿಲ್ಲ ಎಂದು ನ್ಯಾಯಾಧೀಶರು ಹೇಳಿ ಬರೆದರು. ಪೆನ್ನು ಓಡುವುದನ್ನು ನಾನು ನೋಡುತ್ತಲೇ ನಿಂತಿದ್ದೆ. ಮುಂದಿನ ಹೆಸರು ರಾಮೋನ್ ಅವರದು. ಅವರು ಎದ್ದು ಹೇಳಿದ ಮೊದಲ ಮಾತು, “ನನ್ನ ವಿಡಿಯೊ ಕೂಡ ಎರಡು ಸಲ ಹಾಕಿ, ಚಕ್ರ ನೋಡೋಣ.” ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಅರ್ಧ ಗಂಟೆಯ ಮೇಲೆ ಅವರು ಹೊರಗೆ ಬಂದು, ನಾವು ಕೂತಿದ್ದ ಬೆಂಚಿಗೆ ಎರಡು ಸಲ ಬಡಿದರು. ಅವರದೂ ನಿಂತಿತ್ತು.

ಕಾರಿನ ಹತ್ತಿರ ಬಂದಾಗ ಬೀಗದ ಕೈಗಾಗಿ ಸೌಮ್ಯಳ ಮುಂದೆ ಕೈ ಚಾಚಿದೆ. ಅವಳು ಒಮ್ಮೆ ಮುಖ ನೋಡಿ ಕೊಟ್ಟಳು. ಕೋರ್ಟಿನಿಂದ ಆ ಸಿಗ್ನಲ್‌ಗೆ ಎರಡು ಮೈಲಿ. ನನ್ನ ಪುಣ್ಯಕ್ಕೆ ಕೆಂಪೇ ಇತ್ತು. ಮೇಲೆ ಕಂಬದಲ್ಲಿ ಕ್ಯಾಮೆರಾ. ಸೌಮ್ಯ ಗಾಜು ಇಳಿಸಿ ಕೈ ಹೊರಗೆ ಹಾಕಿ ಗಡಿಬಿಡಿಯಲ್ಲಿ ಮೊದಲೇ ಎರಡು ಸಲ ಬಡಿದಳು.

“ಮೊದ್ಲು ಒಂದು ಕಣೇ. ನಿನ್ನ ಮಾತು ಕೇಳಿದ್ರೆ ಇನ್ನೊಂದು ಟಿಕೆಟ್ ಖಂಡಿತ.”

“ಸಾರಿ ಆಂಟಿ. ನಮ್ಮೂರ ಬಸ್ಸಿನ್ಯಾಗ ನಾ ಯಾವಾಗಲೂ ನಿದ್ದಿ ಮಾಡ್ತಿದ್ದೆ,” ಎಂದು ಮತ್ತೆ ಒಂದು ಬಡಿದಳು.

ನಿಲ್ಲಿಸಿದೆ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಹೊಡೆಯಲಿ ಎಂದು ಬಿಟ್ಟೆ. ದಾರಿ ಪೂರ್ತಿ ಖಾಲಿಯಾಗುವ ತನಕ ಕಾದು, ಅವಳು ಎರಡು ಬಡಿದ ಮೇಲೆ ಬಲಕ್ಕೆ ತಿರುಗಿದೆ. ಕ್ಯಾಮೆರಾ ಮಿಂಚಲಿಲ್ಲ. ಊರಿನ ಬೊಕ್ಕಸಕ್ಕೆ ಆ ದಿನ ನಮ್ಮಿಂದ ಬಂದದ್ದು ಎರಡು ಕಪ್ ಕಾಫಿಯ ತೆರಿಗೆ ಮಾತ್ರ. ಫ್ರೀವೇ ಹತ್ತಿ ಓಷನ್‌ಸೈಡ್‌ವರೆಗೆ ನಾನೇ ಓಡಿಸಿದೆ. ಎಡಕ್ಕೆ ಸಮುದ್ರ ಇತ್ತು. ಮೋಡ ಹರಿದು ನೀರು ಹೊಳೆಯುತ್ತಿತ್ತು. ಮುಂದಿನ ತಿಂಗಳು ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿದೆ.

ಸೌಮ್ಯ ಆ ವಿಡಿಯೊವನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ಈಗ ಧೈರ್ಯವಾಗಿ ನೋಡುತ್ತೇನೆ. ಅಂಗಿಯ ತೋಳು ಕಾಣುತ್ತದೆ, ಕೈ ಬಾಗಿಲಿಗೆ ಒಂದು ಸಲ, ಆಮೇಲೆ ಎರಡು ಸಲ ಬಡಿಯುವುದೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಸಲ ಫೋನಿನ ಸೌಂಡ್ ಪೂರ್ತಿ ಜಾಸ್ತಿ ಮಾಡಿ ಕಿವಿಗೆ ಹಿಡಿದಿದ್ದೆ. ಸಿಗ್ನಲ್ ಕ್ಯಾಮೆರಾಗಳು ಚಿತ್ರ ಮಾತ್ರ ತೆಗೆಯುತ್ತವಂತೆ. ಅದರಲ್ಲಿ ಅವರ ಧ್ವನಿ ಇಲ್ಲ.