ಎಡ ದವಡೆಯ ನಾಡಿ

ನನ್ನ ಎಡ ದವಡೆಯಲ್ಲಿ ನಾಡಿ ಸಿಗುವುದಿಲ್ಲ. ಹಲ್ಲು ಕಚ್ಚಿದರೆ ಕೆನ್ನೆಯಲ್ಲಿ ಒಂದು ಸ್ನಾಯು ಉಬ್ಬುತ್ತದಲ್ಲ, ಅದರ ಮುಂದೆ, ದವಡೆಯ ಅಂಚಿಗೆ ಬೆರಳಿಟ್ಟರೆ ಮುಖದ ಅಪಧಮನಿ ಮಿಡಿಯುವುದು ಸಾಮಾನ್ಯವಾಗಿ ಎರಡೂ ಕಡೆ ಗೊತ್ತಾಗುತ್ತದೆ. ನನಗೆ ಬಲಗಡೆ ಮಾತ್ರ. ಎಡಗಡೆಯದು ನೂಲಿನಷ್ಟು ಸಣ್ಣಗಾಗಿ ಗದ್ದದ ಕೆಳಗೇ ಮುಗಿದುಹೋಗಿದೆ. ಬಲಗಡೆಯದೇ ತುಟಿ ದಾಟಿ ಬಂದು ಆ ಕಡೆಗೂ ರಕ್ತ ಕೊಡುತ್ತದೆ.

ಪೋರೂರಿನಾಚೆಯ ಒಂದು ಕಾಲೇಜಿನಲ್ಲಿ ಅಂಗರಚನೆ ಪಾಠ ಮಾಡುತ್ತಿದ್ದ ನಾನು ಇಂಥ ಆಸ್ತಿಯನ್ನು ಸುಮ್ಮನೆ ಬಿಡುತ್ತೇನೆಯೇ? ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಎಡ ದವಡೆ ಒಡ್ಡಿ, ನಾಡಿ ಸಿಕ್ಕಿತೇ ಎಂದು ಕೇಳುತ್ತಿದ್ದೆ. ಮೇಷ್ಟರ ಮುಖ ಹಿಡಿದುಕೊಂಡು ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಎಲ್ಲರಿಗೂ ಸಿಗುತ್ತಿತ್ತು. ವೆಸ್ಟ್ ಮಾಂಬಲಂನ ಕನ್ನಡದವರ ಮನೆಯವನೊಬ್ಬ ಗಡಿಯಾರ ನೋಡಿಕೊಂಡು, "ಸೆವೆಂಟಿ ಟೂ ಸಾರ್" ಎಂದು ಎಣಿಸಿಯೇಬಿಟ್ಟ. ನಾನು ಗುಟ್ಟು ಹೇಳಿದಾಗ ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ದಿನ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ನಿವೃತ್ತನಾದ ಮೇಲೆ, ಹೋದ ವರ್ಷ, ಬಲ ದವಡೆಯ ಕೆಳಗಿನ ಜೊಲ್ಲಿನ ಗ್ರಂಥಿಯಲ್ಲಿ ಕಲ್ಲಾಯಿತು. ಗ್ರಂಥಿಯನ್ನೇ ತೆಗೆಯಬೇಕೆಂದರು. ಆ ಅಪಧಮನಿ ಗ್ರಂಥಿಗೆ ಅಂಟಿಕೊಂಡೇ ಹೋಗುತ್ತದೆ. ಅಡ್ಡ ಬಂದರೆ ಸರ್ಜನ್‌ಗಳು ಕಟ್ಟಿ ಕತ್ತರಿಸುತ್ತಾರೆ. ಬೇರೆಯವರಿಗೆ ಚಿಂತೆಯಿಲ್ಲ, ಇನ್ನೊಂದು ಕಡೆಯದು ನೋಡಿಕೊಳ್ಳುತ್ತದೆ. ನನಗೆ ಇನ್ನೊಂದು ಎಲ್ಲಿದೆ? ಸರ್ಜನ್ ಯಾರೆಂದು ನೋಡಿದರೆ, ಅದೇ ಸೆವೆಂಟಿ ಟೂ!

"ರೀ, ಮೊದಲೇ ಬಾಯ್ಬಿಟ್ಟು ಹೇಳ್ಬಿಡಿ. ಇದು ನಿಮ್ಮ ಮೂತಿ, ಪ್ರಶ್ನೆಪತ್ರಿಕೆ ಅಲ್ಲ," ಎಂದಳು ಹೆಂಡತಿ.

"ಅವನೇ ಕಂಡುಹಿಡೀಲಿ, ನೋಡೋಣ," ಎಂದೆ. ಹೆದರಿಕೆಯಿತ್ತು, ಆದರೆ ಹಟ ಅದಕ್ಕಿಂತ ದೊಡ್ಡದಿತ್ತು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಅವನು ಮಂಚದ ಬಳಿ ಬಂದ. ನನ್ನ ಎಡ ದವಡೆಗೆ ಎರಡು ಬೆರಳಿಟ್ಟು, ಗಡಿಯಾರ ನೋಡಿ, ಗಂಭೀರವಾಗಿ ಹೇಳಿದ:

"ಸೆವೆಂಟಿ ಟೂ ಸಾರ್."

ನನ್ನ ಜೀವ ಬಾಯಿಗೆ ಬಂತು. "ಅಯ್ಯೋ, ಇಲ್ಲ ಕಣೋ! ಅಲ್ಲೇನೂ ಇಲ್ಲ! ಬಲಗಡೇದನ್ನ ಕತ್ತರಿಸಬೇಡ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನು ನಗಲಿಲ್ಲ.

"ತೆರಿಯುಂ ಸಾರ್, ಗೊತ್ತು. ಮೊನ್ನೆ ತೆಗೆಸಿದ ಸ್ಕ್ಯಾನ್‌ನಲ್ಲಿ ಮೊದಲು ಅದನ್ನೇ ನೋಡಿದೆ. ಬಲಗಡೇದನ್ನ ಕಟ್ಟಲ್ಲ, ಮೆಲ್ಲ ಬಿಡಿಸಿ ಪಕ್ಕಕ್ಕೆ ಇಡ್ತೀನಿ. ನಿಮ್ಮ ಎಡ ದವಡೆ ಮರೆಯಕ್ಕಾಗತ್ತಾ? ಫುಲ್ ಕ್ಲಾಸ್ ನಕ್ಕಿತ್ತಲ್ಲ."

ಅವನು ಬೆರಳುಗಳನ್ನು ಬಲ ದವಡೆಗೆ ತಂದಿಟ್ಟು, ಈ ಸಲ ನಿಜವಾಗಿಯೂ ಎಣಿಸಿದ.

"ಹಂಡ್ರೆಡ್ ಅಂಡ್ ಟೆನ್," ಎಂದ. "ಭಯಪಡ್ಬೇಡಿ ಸಾರ್."