ಕೊಂಡಪ್ಪ ಕಟ್ಟಿದ ಅಟ್ಟಣೆ

ಸಾಸಲು ಊರಿನ ಸುತ್ತಮುತ್ತ ಹಂದಿ ಬೇಟೆಗೆ ಮರದ ಮೇಲೆ ಅಟ್ಟಣೆ ಕಟ್ಟಬೇಕೆಂದರೆ ಕೊಂಡಪ್ಪನನ್ನೇ ಕರೆಯುತ್ತಿದ್ದರು. ಅದು ಯುದ್ಧದ ಕಾಲ, 1943. ಹತ್ತಲು ಕಬ್ಬಿಣದ ಗೂಟ ಮಾಡಿಕೊಡು ಎಂದರೆ ಕುಲುಮೆಯವನು ಕಬ್ಬಿಣವೇ ಸಿಗುತ್ತಿಲ್ಲವೆಂದು ಕೈಯಲ್ಲಾಡಿಸಿಬಿಡುತ್ತಿದ್ದ. ಕೊಂಡಪ್ಪನಿಗೆ ಕಬ್ಬಿಣ ಬೇಕೂ ಇರಲಿಲ್ಲ. ಗಟ್ಟಿ ಬಿದಿರಿನ ಕವಲುಗಳನ್ನು ಗೇಣುದ್ದ ಉಳಿಸಿ ಸವರಿದರೆ ಅದೇ ಮೆಟ್ಟಿಲು. ಅದನ್ನು ಕತ್ತಾಳೆ ಹಗ್ಗದಿಂದ ಮರಕ್ಕೆ ಬಿಗಿದು, ಒಂದೊಂದು ಕವಲಿನ ಮೇಲೂ ತಾನೇ ನಿಂತು ಜಗ್ಗಿ ನೋಡುತ್ತಿದ್ದ. ಮೇಲೆ ಕಾಲೂರಲು ಮುರಿದ ಗಾಡಿಯಿಂದ ಬಿಚ್ಚಿದ ಜಾಲಿ ಹಲಗೆ. ಸದ್ದಾಗದಿರಲೆಂದು ಅದಕ್ಕೆ ಗೋಣಿತಟ್ಟಿನ ಸುತ್ತು.

ಕೋವಿ ಮಾತ್ರ ಗೆಳೆಯ ಗೋಪಾಲಪ್ಪನದು. ಹತ್ತು ವರ್ಷ ಇಬ್ಬರೂ ಒಂದೇ ಅಟ್ಟಣೆಯಲ್ಲಿ ಕೂತು ಬೆಳೆ ಕಾದಿದ್ದರು.

ಕಡಲೆಕಾಯಿ ಬಲಿಯುವ ಹೊತ್ತು. ಒಂದು ಸಂಜೆ ಗೋಪಾಲಪ್ಪ, "ನೀನು ಹತ್ತಿ ಕೂತಿರು, ಕೋವಿ ತತ್ತೀನಿ" ಎಂದು ಮನೆ ಕಡೆ ಹೋದ. ಕೊಂಡಪ್ಪ ತಾನು ಮೊದಲೇ ಕಟ್ಟಿದ್ದ ಅಟ್ಟಣೆ ಹತ್ತಿ ಹಲಗೆಯ ಮೇಲೆ ಕಾಲಿಟ್ಟ. ಹಲಗೆ ಲಟಕ್ಕೆಂದಿತು. ಕೆಳಗೆ ಬಿದ್ದವನ ಸೊಂಟದ ಮೂಳೆ ಮುರಿಯಿತು. ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದವನು ಗೋಪಾಲಪ್ಪನೇ. ಅತ್ತವನೂ ಅವನೇ.

ಆದರೆ ವಾರದೊಳಗೆ ಊರಲ್ಲಿ ಮಾತು ಹಬ್ಬಿತು: "ಕೊಂಡಪ್ಪ ಅಗ್ಗದಲ್ಲಿ ಕಟ್ಟಿದ್ದ, ಮುರೀತು." ಹಾಗೆಂದವನು ಗೋಪಾಲಪ್ಪ ಎಂದು ತಿಳಿದಾಗ ಕೊಂಡಪ್ಪ ನಂಬಲಿಲ್ಲ. ಹೆಂಡತಿ ಸಪ್ಪಲಮ್ಮ ಆ ಮರದ ಬುಡಕ್ಕೆ ಹೋಗಿ ಮುರಿದ ತುಂಡು ತಂದಳು.

"ನೋಡು, ಇದು ನಮ್ಮ ಗಾಡಿ ಹಲಗೇನಾ?"

ಗೋಣಿಯೊಳಗಿದ್ದುದು ಸಾಮಾನಿನ ಪೆಟ್ಟಿಗೆಯ ತೆಳು ಹಲಗೆ. ಮೊಳೆಯ ತೂತುಗಳು ಹಾಗೇ ಇದ್ದವು.

ಗೋಪಾಲಪ್ಪ ನೋಡಲು ಬಂದಾಗ ಕೊಂಡಪ್ಪ ಆ ತುಂಡನ್ನು ಮುಂದಿಟ್ಟ.

"ಬೆಂಗಳೂರಿಂದ ಸಾಹೇಬ್ರು ಬೇಟೆಗೆ ಬಂದಿದ್ರು ಕಣೋ, ಭಾರೀ ಆಳು" ಎಂದ ಗೋಪಾಲಪ್ಪ, ನೆಲ ನೋಡುತ್ತ. "ಅವ್ರ ಅಟ್ಟಣೆಗೆ ಗಟ್ಟಿ ಹಲಗೆ ಬೇಕಿತ್ತು. ವಾಪಸ್ ಹಾಕೋದು ಮರ್ತ್ಬಿಟ್ಟೆ."

"ಗೋಣಿ ಸುತ್ತೋದು ಮರೀಲಿಲ್ಲವಲ್ಲ."

ಗೋಪಾಲಪ್ಪ ಆ ತುಂಡನ್ನು ಗೋಡೆ ಕಡೆಗೆ ಸರಿಸಿದ.

"ಬಿದ್ದಿದ್ದಕ್ಕಲ್ಲ ಕಣೋ. ನಿಜ ಗೊತ್ತಿದ್ದೂ ನನ್ನ ಕೆಲ್ಸಾನೇ ಸರಿಯಿಲ್ಲ ಅಂದ್ಯಲ್ಲ! ಊರ ಕಟ್ಟೆ ಮೇಲೆ ನಿಂತು ಈಗ ಹೇಳಿದ್ದನ್ನೇ ಹೇಳು, ಸಾಕು."

"ಹೇಳ್ತೀನಿ" ಎಂದು ಹೋದವನು ಹೇಳಲಿಲ್ಲ.

ನಾಲ್ಕು ತಿಂಗಳಿಗೆ ಕೊಂಡಪ್ಪ ಕೋಲೂರಿಕೊಂಡು ಎದ್ದ. ಅಟ್ಟಣೆಗೆ ಕರೆಯುವವರು ಇರಲಿಲ್ಲ. ಮರುವರ್ಷ ಗೋಪಾಲಪ್ಪ ಹಂದಿ ಹೊಡೆದು, ಮುತ್ತುಗದ ಎಲೆಯಲ್ಲಿ ಕಟ್ಟಿದ ಮಾಂಸದ ಪಾಲನ್ನು ತನ್ನ ತಂಗಿ ಅಮ್ಮಯಮ್ಮನ ಕೈಲಿ ಕಳಿಸಿದ. ಸಪ್ಪಲಮ್ಮ ಗಂಡನ ಮುಖ ನೋಡಿದಳು.

"ನೀನು ಕೂತ್ಕೋ ತಾಯಿ, ಮಜ್ಜಿಗೆ ಕುಡಿ" ಎಂದ ಕೊಂಡಪ್ಪ ಅಮ್ಮಯಮ್ಮನಿಗೆ. "ಅದನ್ನ ಮಾತ್ರ ವಾಪಸ್ ತಗೊಂಡ್ಹೋಗು."